ಊರಿನಲ್ಲಿದ್ದ ಗಂಡ

ನೋಟರಿ ನಿಮ್ಮ ಮುಖ ನೋಡುತ್ತಾಳೆ, ಗುರುತಿನ ಚೀಟಿ ನೋಡುತ್ತಾಳೆ, ಸಹಿ ನೋಡುತ್ತಾಳೆ. ಕಾಗದದಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂದು ನೋಡುವುದು ಅವಳ ಕೆಲಸವಲ್ಲ. ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದು. ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಒಂದು ಇಂಡಿಯನ್ ಗ್ರೋಸರಿಯ ಪಕ್ಕ ನನ್ನದು ಒಂದೇ ಕೋಣೆಯ ಅಂಗಡಿ. ನೋಟರಿ ಕೆಲಸದ ಜೊತೆಗೆ ಊರಿನ ಆಸ್ತಿಗಾಗಿ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಸಿದ್ಧಪಡಿಸುತ್ತೇನೆ, ಕನ್ನಡದ ಜನನ ಪತ್ರಗಳನ್ನು ಇಂಗ್ಲಿಷಿಗೆ ಮಾಡುತ್ತೇನೆ, ಪಾಸ್‌ಪೋರ್ಟ್ ಅರ್ಜಿ ತುಂಬಿಸುತ್ತೇನೆ. ಯಾರೇ ಬರಲಿ, ಪ್ರತಿ ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ಪೆನ್ನು ಕೈಗೆ ಕೊಡುತ್ತೇನೆ. ಈ ಅಭ್ಯಾಸದಿಂದ ಎಷ್ಟೋ ಮನೆಗಳ ಜಗಳ ತಪ್ಪಿದೆ. ನನ್ನ ಮನೆಯ ಜಗಳ ಶುರುವಾದದ್ದೂ ಇದರಿಂದಲೇ.

ನನ್ನ ಸಂಗಾತಿ ಗದಗಿನ ಕಡೆಯವಳು. ಇಲ್ಲೇ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್. ನಾನು ಬೆಂಗಳೂರಿನವಳು. ಒಂಬತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದೆವು. ಪಕ್ಕದ ಊರಾದ ಫ್ರೀಮಾಂಟಿನ ಕನ್ನಡದವರು ನಮ್ಮನ್ನು ಅಕ್ಕ ತಂಗಿಯರಂತೆ ಇರುವವರು ಎಂದುಕೊಂಡಿದ್ದರು. ನಾವು ಅದನ್ನು ತಿದ್ದಲು ಹೋಗಿರಲಿಲ್ಲ. ಅವಳ ಕೊರಳಲ್ಲಿ ಕರಿಮಣಿ ಸರ ಇರುತ್ತಿತ್ತು. ಹಬ್ಬದ ಊಟಗಳಲ್ಲಿ ಹೆಂಗಸರು ಯಜಮಾನರ ಬಗ್ಗೆ ಕೇಳಿದರೆ, "ಊರಾಗ ಅದಾರ್ರಿ" ಎನ್ನುತ್ತಿದ್ದಳು. ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದೆ. ಕಾರಿಗೆ ಬಂದ ಮೇಲೆ ಗಟ್ಟಿಯಾಗಿ ನಗುತ್ತಿದ್ದೆ. ಎಂಥ ಚೆಂದದ ಉಪಾಯ ಹುಡುಕಿದ್ದಾಳೆ ಎಂದು ನನಗೆ ಹೆಮ್ಮೆ. ಒಮ್ಮೆ ಯುಗಾದಿಯ ಹಿಂದಿನ ದಿನ ಆ ಸರ ಹರಿದಾಗ, ಫ್ರೀಮಾಂಟಿನ ಚಿನ್ನದಂಗಡಿಗೆ ಹೋಗಿ, ಮಜೂರಿ ಬಿಡಿಸಿಕೊಂಡು, ನಿಂತಲ್ಲೇ ಪೋಣಿಸಿಕೊಂಡು ಬಂದವಳು ನಾನು.

ನನ್ನ ಬಲ ಮಂಡಿ ಸವೆದಿತ್ತು. ಡಾಕ್ಟರು ಬದಲಾಯಿಸಲೇಬೇಕು ಎಂದರು. ನನ್ನಂಥ ಸ್ವಂತ ಅಂಗಡಿಯವರಿಗೆ ಸಿಗುವ ವಿಮೆ ಯಾವ ಆಸ್ಪತ್ರೆಗೂ ಬೇಡವಾದ ವಿಮೆ. ಅವಳ ಕಂಪನಿಯದು ಒಳ್ಳೆಯದು. ನೌಕರರ ಗಂಡ, ಹೆಂಡತಿ ಅಥವಾ ನೋಂದಾಯಿತ ಸಂಗಾತಿಯನ್ನು ಅದಕ್ಕೆ ಸೇರಿಸಬಹುದು. ಮದುವೆಯೇ ಆಗೋಣ, ಕೌಂಟಿ ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸ ಎಂದು ನಾನು ಹಿಂದೆ ಒಮ್ಮೆ ಹೇಳಿದ್ದೆ. ಆ ಶಬ್ದ ಬೇಡ ಎಂದಿದ್ದಳು. ಊರಿನ ಕಿವಿಗೆ ಬೀಳುತ್ತದೆಂಬ ಅಂಜಿಕೆ ಇರಬೇಕು ಎಂದುಕೊಂಡು ನಾನು ಒತ್ತಾಯಿಸಲಿಲ್ಲ. ಈ ಸಲ ಸಂಗಾತಿಗಳೆಂದು ನೋಂದಾಯಿಸೋಣ ಎಂದಾಗ ತಕ್ಷಣ ಒಪ್ಪಿದಳು. ಇದರಲ್ಲಿ ಪುರೋಹಿತರಿಲ್ಲ, ಸಾಕ್ಷಿಗಳಿಲ್ಲ, ಸಮಾರಂಭವಿಲ್ಲ. ಒಂದು ಘೋಷಣಾ ಪತ್ರ, ಇಬ್ಬರ ಸಹಿ, ಆ ಸಹಿಗಳಿಗೆ ನೋಟರಿಯ ಮೊಹರು. ರಾಜಧಾನಿ ಸ್ಯಾಕ್ರಮೆಂಟೋದ ಕಚೇರಿಗೆ ಅಂಚೆಯಲ್ಲಿ ಕಳಿಸಿದರೆ ಪ್ರಮಾಣಪತ್ರ ಮನೆಗೆ ಬರುತ್ತದೆ.

ನನ್ನ ಸಹಿಗೆ ನಾನೇ ಮೊಹರು ಹಾಕುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಹಾಗಾಗಿ ಮಿಲ್ಪಿಟಾಸಿನಲ್ಲಿ ಪಾರ್ಸೆಲ್ ಅಂಗಡಿ ಇಟ್ಟಿರುವ ಫಿಲಿಪೀನ್ಸಿನ ಹೆಂಗಸೊಬ್ಬಳ ಹತ್ತಿರ ಹೋದೆವು. ಅವಳೂ ನೋಟರಿ. ರಜೆ ಹಾಕಿದಾಗ ಒಬ್ಬರ ಗಿರಾಕಿಗಳನ್ನು ಒಬ್ಬರು ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳು ಅವಳ ರಜೆಯ ವಾರ ನಾನು ನೋಡಿಕೊಳ್ಳುವುದೆಂದು ಮೊದಲೇ ಮಾತಾಡಿ, ನಮ್ಮ ಕೆಲಸಕ್ಕೆ ಶನಿವಾರ ಬೆಳಗಿನ ಖಾಲಿ ಹೊತ್ತನ್ನು ಗಿಟ್ಟಿಸಿಕೊಂಡಿದ್ದೆ.

ನೋಟರಿ ನಮ್ಮ ಚಾಲನಾ ಪರವಾನಗಿಗಳನ್ನು ತೆಗೆದುಕೊಂಡು ತನ್ನ ಪುಸ್ತಕದಲ್ಲಿ ಬರೆಯತೊಡಗಿದಳು. ನಾನು ಅಭ್ಯಾಸಬಲದಿಂದ ಘೋಷಣಾ ಪತ್ರವನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದೆ. ನಾವಿಬ್ಬರೂ ವಯಸ್ಕರು. ಸಂಗಾತಿ ತಲೆಯಾಡಿಸಿದಳು. ನಮ್ಮಿಬ್ಬರ ನಡುವೆ ರಕ್ತ ಸಂಬಂಧವಿಲ್ಲ. ಅದಕ್ಕೆ ಇಬ್ಬರೂ ನಕ್ಕೆವು, ಫ್ರೀಮಾಂಟಿನವರ ಅಕ್ಕ ತಂಗಿ ನೆನಪಾಗಿ. ಇಬ್ಬರಲ್ಲಿ ಯಾರೂ ಬೇರೆಯವರೊಂದಿಗೆ ಮದುವೆಯ ಬಂಧನದಲ್ಲಿಲ್ಲ. ನಾನು ಮುಂದಿನ ಸಾಲಿಗೆ ಹೋಗಿದ್ದೆ. ಅವಳು ತಲೆಯಾಡಿಸಿರಲಿಲ್ಲ.

"ಇದರಾಗೂ ಅದನ್ನ ಕೇಳ್ತಾರೇನು?" ಎಂದಳು. "ಇದು ಮದುವಿ ಅಲ್ಲಲ್ಲ."

"ಮದುವೆ ಅಲ್ಲ. ಆದರೂ ಕೇಳ್ತಾರೆ. ಏನೀಗ?"

"ಈ ಸಾಲಿಗೆ ನನಗ ಸಹಿ ಮಾಡಾಕ ಬರಂಗಿಲ್ಲ."

"ಯಾಕೆ?"

ಅವಳು ಪೆನ್ನನ್ನು ನೋಟರಿಯ ಕಡೆ ಸರಿಸಿದಳು. "ನನ್ನ ಮದುವಿ ಆಗೇತಿ."

ನೋಟರಿ ತಲೆಯೆತ್ತಿ ಎಲ್ಲ ಸರಿಯಿದೆಯೇ ಎಂದು ಕೇಳಿದಳು. ಗಿರಾಕಿಗಳ ಮುಂದೆ ಮುಖ ಬದಲಾಯಿಸದಿರುವುದು ನಮ್ಮ ಕಸುಬಿನ ಮೊದಲ ಪಾಠ. ಒಂದು ದಾಖಲೆ ಮನೆಯಲ್ಲೇ ಉಳಿದಿದೆ, ಇನ್ನೊಂದು ದಿನ ಬರುತ್ತೇವೆ ಎಂದೆ. ಪರವಾನಗಿಗಳನ್ನು ತೆಗೆದುಕೊಂಡು ಹೊರಗೆ ಬಂದೆವು.

ಫ್ರೀವೇಯಲ್ಲಿ ಅವಳೇ ಗಾಡಿ ಓಡಿಸುತ್ತಿದ್ದಳು. ಕೇಳುವ ಮೊದಲೇ ಹೇಳಿದಳು. ಅಮೆರಿಕಕ್ಕೆ ಬರುವ ಮುಂಚೆ ಮನೆಯವರು ಮಾಡಿದ ಮದುವೆ. ಅವನು ಗದಗಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದವನು. ಕೆಲವೇ ತಿಂಗಳು ಜೊತೆಗಿದ್ದರು. ಇವಳು ಇಲ್ಲಿಗೆ ಬಂದಳು. ತಿರುಗಿ ಹೋಗುವ ಮನಸ್ಸಿಲ್ಲ ಎಂದು ಮನೆಯವರಿಗೆ ತಿಳಿದ ಮೇಲೆ ಎರಡೂ ಕಡೆಯ ಹಿರಿಯರು ಕೂತು ಸೋಡಚೀಟಿ ಮಾಡಿದರು. ಅಂದರೆ ಕೋರ್ಟಿಗೆ ಹೋಗದೆ, ಜಾತಿಯ ರೂಢಿಯಂತೆ ಬಿಡುಗಡೆ. ಇವಳ ಪರವಾಗಿ ಇವಳ ಅಣ್ಣ ಕೂತಿದ್ದ. ಏನಾರ ಮಾಡ್ರಿ ಎಂದು ಇವಳು ಫೋನಿನಲ್ಲಿ ಹೇಳಿದ್ದಳಂತೆ. ಅವನು ಆಮೇಲೆ ಬೇರೆ ಮದುವೆಯಾದ. ಸರ್ಕಾರದ ಲೆಕ್ಕದಲ್ಲಿ ಇದು ಮುಗಿಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ವೀಸಾ ಕಾಗದಗಳನ್ನು ಅವಳ ಕಂಪನಿಯ ವಕೀಲರೇ ನೋಡಿಕೊಳ್ಳುತ್ತಿದ್ದರು, ನಾನು ಕಂಡಿರಲಿಲ್ಲ. ಅವುಗಳಲ್ಲೆಲ್ಲ ವಿವಾಹಿತೆ ಎಂದೇ ಬರೆಸಿದ್ದಳಂತೆ.

ಸರ್ಕಾರಕ್ಕೆ ನಿಜ ಹೇಳಿದ್ದಳು. ನನಗೆ ಹೇಳಿರಲಿಲ್ಲ.

"ಒಂಬತ್ತು ವರ್ಷ ಸುಳ್ಳು ಹೇಳಿದೆ" ಎಂದೆ.

"ನಾ ಸುಳ್ಳು ಹೇಳಿಲ್ಲ. ಗಂಡ ಊರಾಗ ಅದಾನ ಅಂತ ನಿನ್ನ ಮುಂದನ ಹೇಳೇನಿ, ಎಷ್ಟ ಸಲ. ನೀನ ನಗತಿದ್ದಿ."

ಗಿರಾಕಿಗಳ ಅರ್ಧ ಮಾತಿನಲ್ಲಿ ಪೂರ್ತಿ ಕಥೆ ಹಿಡಿಯುವವಳು ನಾನು. ಮನೆ ಮಾರುವವನ ಕೈ ನೋಡಿ ಎಷ್ಟಕ್ಕೆ ಇಳಿಯುತ್ತಾನೆಂದು ಹೇಳಬಲ್ಲೆ. ನನ್ನ ಎದುರಿಗೇ, ಕೊರಳಿಗೆ ಕಟ್ಟಿಕೊಂಡು, ಬಾಯಿಬಿಟ್ಟು ಹೇಳಿದ್ದನ್ನು ನಾನು ತಮಾಷೆ ಎಂದುಕೊಂಡಿದ್ದೆ.

ಮೂರನೆಯ ದಿನ ಅವಳೇ ಬಂದು, ಹೋಗಲಿ, ಸಹಿ ಹಾಕುತ್ತೇನೆ, ಯಾರು ನೋಡುತ್ತಾರೆ ಎಂದಳು. ನನ್ನ ಮಂಡಿಯ ಮೇಲೆ ಐಸ್ ಪೊಟ್ಟಣ ಇತ್ತು. ನಿಜ, ಯಾರೂ ನೋಡುವುದಿಲ್ಲ. ಸ್ಯಾಕ್ರಮೆಂಟೋದವರು ಗದಗಿಗೆ ಫೋನ್ ಮಾಡುವುದಿಲ್ಲ. ಅರ್ಧ ದಿನ ನಾನೂ ಆ ಲೆಕ್ಕ ಹಾಕಿದೆ. ಆದರೆ ನನ್ನ ಕಸುಬಿನಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳಿ. ಸುಳ್ಳು ಘೋಷಣೆ ಸಹಿ ಹಾಕಿದ ದಿನ ಸಿಕ್ಕಿಬೀಳುವುದಿಲ್ಲ. ಆಸ್ಪತ್ರೆಯ ಬಿಲ್ಲು ದೊಡ್ಡದಾದ ದಿನ, ಒಬ್ಬರು ಸತ್ತು ಇನ್ನೊಬ್ಬರು ಮನೆಯ ಪತ್ರ ಹಿಡಿದು ನಿಂತ ದಿನ ಸಿಕ್ಕಿಬೀಳುತ್ತದೆ. ವಿಮೆಯವರು ಆವಾಗ ಗದಗಿಗೂ ಫೋನ್ ಮಾಡುತ್ತಾರೆ. ಮೊದಲ ಮದುವೆ ಮುಗಿಯದಿದ್ದರೆ ಈ ನೋಂದಣಿಗೆ ಬೆಲೆಯೇ ಇಲ್ಲ. ಬೇಡ ಎಂದೆ. ಆ ವಾರದಿಂದ ಮೆಟ್ಟಿಲು ಹತ್ತಲಾಗದೆಂದು ಹೇಳಿ ಕೆಳಗಿನ ಕೋಣೆಯಲ್ಲಿ ಮಲಗತೊಡಗಿದೆ. ಅದು ಅರ್ಧ ನಿಜ.

ನಾನು ಜಗಳಕ್ಕೆ ಕೂರುವವಳಲ್ಲ, ಚೌಕಾಸಿಗೆ ಕೂರುವವಳು. ಅವನ ನಂಬರು ಕೇಳಿದೆ. ಕೊಟ್ಟಳು. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಅಲ್ಲಿ ಬೆಳಗಾಗಿರುತ್ತದೆ, ಫೋನ್ ಮಾಡಿದೆ. ಅವಳ ಜೊತೆ ಒಂದೇ ಮನೆಯಲ್ಲಿ ಇರುವವಳು ನಾನು, ಈಗ ಅದನ್ನು ಕಾಗದದ ಮೇಲೆ ತರಬೇಕಾಗಿದೆ, ನಿಮ್ಮ ಮದುವೆ ಅಡ್ಡ ಬರುತ್ತಿದೆ ಎಂದೆ. ಹಿಂದೆ ಯಾವುದೋ ಪಂಪಿನ ಸದ್ದು ಕೇಳುತ್ತಿತ್ತು. ಅದನ್ನು ನಿಲ್ಲಿಸಿ ಬಂದು, "ತಿಳೀತ್ರಿ" ಎಂದ. ಅಷ್ಟೇ. ಅದರ ಮೇಲೆ ಒಂದು ಮಾತೂ ಕೇಳಲಿಲ್ಲ. ಫ್ರೀಮಾಂಟಿನ ಎಂಜಿನಿಯರುಗಳಿಗೆ ಅರ್ಥವಾಗದ್ದು ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತು.

ಪರಸ್ಪರ ಒಪ್ಪಿಗೆಯಿಂದ ಕೋರ್ಟಿನಲ್ಲಿ ವಿಚ್ಛೇದನ ತೆಗೆದುಕೊಳ್ಳೋಣ, ಖರ್ಚು ನಮ್ಮದು ಎಂದೆ.

"ಅಕ್ಕಾರ, ನನಗ ಎರಡು ಹೆಣ್ಣು ಮಕ್ಕಳು ಅದಾವ್ರಿ" ಎಂದ. "ಈಗ ಹೋಗಿ ಡೈವೋರ್ಸ್ ತಗೊಂಡ್ರ, ಇಷ್ಟು ವರ್ಷ ನನ್ನ ಮನ್ಯಾಗ ಇದ್ದಾಕಿ ಯಾರಾದ್ಲ್ರಿ?"

ಮಾತು ಸರಿಯಾಗಿತ್ತು. ಇವತ್ತು ವಿಚ್ಛೇದನ ಎಂದರೆ ನಿನ್ನೆಯವರೆಗೆ ಮೊದಲ ಮದುವೆ ಇತ್ತು ಎಂದಾಯಿತು. ಅವನ ಎರಡನೆಯ ಮದುವೆ ಬಿದ್ದುಹೋಗುತ್ತದೆ. ಫೋನ್ ಇಡುವ ಮುಂಚೆ ಅವನೇ ಇನ್ನೊಂದು ಮಾತು ಹೇಳಿದ. ಚಾಡಿ ಹೇಳುವ ದನಿಯಲ್ಲಿ ಅಲ್ಲ, ತನ್ನ ಮೇಲಿನ ತಪ್ಪನ್ನು ತೊಳೆದುಕೊಳ್ಳುವವನ ದನಿಯಲ್ಲಿ.

"ಇದನ್ನ ನಾ ಆಕಿಗೆ ಹೇಳಿದ್ದೇರಿ. ಅವರ ಅವ್ವ ತೀರಿಕೊಂಡಾಗ ಬಂದಿದ್ಲಲ್ರಿ, ಆವಾಗ. ವಕೀಲರ ಕಡೆ ಹೋಗಿ ಏನರ ದಾರಿ ಕೇಳೂಣು, ನಿಮಗೂ ಚಲೋ, ನಮಗೂ ಚಲೋ ಅಂದೆ. ಇರ್ಲಿ ಬಿಡ್ರಿ, ನನಗ ಹಿಂಗ ಅನುಕೂಲ ಐತಿ ಅಂದ್ಲು."

ಅವಳ ಅವ್ವ ತೀರಿಕೊಂಡದ್ದು ನಾವು ಜೊತೆಗಿರಲು ಶುರುಮಾಡಿ ಐದಾರು ವರ್ಷವಾದ ಮೇಲೆ. ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವಳೂ ನಾನೇ, ಕರೆತಂದವಳೂ ನಾನೇ. ಮದುವೆಯನ್ನು ಮುಚ್ಚಿಟ್ಟದ್ದು ನಾಚಿಕೆಯಿಂದ ಎಂದು ಅಲ್ಲಿಯವರೆಗೆ ನಾನು ಅವಳ ಪರವಾಗಿ ನನ್ನೊಳಗೇ ವಾದಿಸಿಕೊಳ್ಳುತ್ತಿದ್ದೆ. ಮುಗಿಸಲು ಬಾಗಿಲು ತೆರೆದಿತ್ತು, ಅವಳೇ ಅದನ್ನು ಮುಚ್ಚಿ ಬಂದಿದ್ದಳು.

ಮನೆಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಯಾರಿಗೆ ಅನುಕೂಲ ಎಂದು ಕೇಳಿದೆ. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇಬ್ಬರಿಗೂ" ಎಂದಳು. "ಈ ಸರ ಇತ್ತಂತ ಇಷ್ಟು ವರ್ಷ ಯಾರೂ ನಮ್ಮ ಮನಿಯೊಳಗ ಇಣುಕಿ ನೋಡಿಲ್ಲ. ಇದನ್ನ ಪೋಣಿಸಿ ತಂದಾಕಿ ಯಾರು?"

"ಅದು ನಿಜವಾದ್ದು ಅಂತ ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರ ನೀ ಕೇಸ್ ಹಾಕಸ್ತಿದ್ದಿ."

ಕೊನೆಗೆ ನಾನು ಮಾಡಿದ್ದೂ ಅದನ್ನೇ.

ಕೈಬಿಡುವುದು ಸುಲಭವಿತ್ತು. ಮನೆ ನನ್ನ ಹೆಸರಿನಲ್ಲಿತ್ತು. ಆದರೆ ಅರ್ಧಕ್ಕೆ ನಿಂತ ಕಾಗದವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮತ್ತೆ, ನಿಜ ಹೇಳಬೇಕೆಂದರೆ, ಆ ಪ್ರಮಾಣಪತ್ರದಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಕಾಣಬೇಕೆಂಬ ಆಸೆ ಕೋಪದಿಂದ ಸತ್ತಿರಲಿಲ್ಲ. ಮಂಡಿ ಅದಕ್ಕೊಂದು ಗೌರವಸ್ಥ ಕಾರಣ ಅಷ್ಟೇ.

ಚೌಕಾಸಿಯಲ್ಲಿ ನನ್ನದೊಂದು ಪದ್ಧತಿ ಇದೆ. ಎದುರಿನವನು ಬೇಡ ಎಂದಾಗ ಯಾವುದಕ್ಕೆ ಬೇಡ ಎನ್ನುತ್ತಿದ್ದಾನೆ ಎಂದು ಬಿಡಿಸಿ ನೋಡುತ್ತೇನೆ. ಇವನಿಗೆ ಬೇಡವಾದದ್ದು ಬಿಡುಗಡೆಯಲ್ಲ, ಇವತ್ತಿನ ತಾರೀಖಿನ ಬಿಡುಗಡೆ. ಹಾಗಾದರೆ ಕೋರ್ಟಿನಿಂದ ಹೊಸ ವಿಚ್ಛೇದನವನ್ನು ಯಾಕೆ ಕೇಳಬೇಕು? ಅವತ್ತು ಹಿರಿಯರು ಮಾಡಿದ ಸೋಡಚೀಟಿ ರೂಢಿಯ ಪ್ರಕಾರ ಸರಿಯಾಗಿತ್ತು, ಮದುವೆ ಅವತ್ತೇ ಮುಗಿದಿತ್ತು ಎಂದು ಘೋಷಿಸಿಕೊಡಿ ಎಂದು ಕೇಳಬಹುದಲ್ಲ? ಅವನ ಎರಡನೆಯ ಮದುವೆ ನಿಲ್ಲುತ್ತದೆ, ಇವಳ ಕೈಗೆ ಕಾಗದ ಸಿಗುತ್ತದೆ. ಗದಗಿನ ವಕೀಲರೊಬ್ಬರನ್ನು ಹಿಡಿದು ಕೇಳಿದೆ. ಆಗುತ್ತದೆ, ಆದರೆ ಅಂಥ ರೂಢಿ ನಿಮ್ಮ ಜನರಲ್ಲಿ ಇದೆ ಎಂದು ಸಾಕ್ಷಿ ಸಮೇತ ತೋರಿಸಬೇಕು ಎಂದರು. ಪಂಪ್‌ಸೆಟ್ಟಿನವನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಅವನು ಬೇಡ ಎನ್ನಲಿಲ್ಲ.

ಇವಳ ಪರವಾಗಿ ಕೇಸು ನಡೆಸಲು ಇವಳ ಅಣ್ಣನಿಗೆ ಅಧಿಕಾರ ಪತ್ರ ಬೇಕಿತ್ತು. ಇಂಥ ನೂರಾರು ಪತ್ರಗಳನ್ನು ನಾನು ಮಾಡಿಕೊಟ್ಟಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಕೊರಿಯರ್ ಮಾಡಿ, ಜೊತೆಗೆ ಎಲ್ಲರಿಗೂ ಕೊಡುವ ಎಚ್ಚರಿಕೆಯನ್ನೂ ಬರೆದು ಕಳಿಸಿದೆ: ವಿದೇಶದಲ್ಲಿ ಬರೆದ ಅಧಿಕಾರ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಣ್ಣನಿಗೆ ಅದು ಸಿಕ್ಕಿದ್ದು ಆಷಾಢದಲ್ಲಿ. ಆಷಾಢದಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದೆಂದು ಲಕೋಟೆಯನ್ನು ಒಡೆಯದೆ ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿದ. ಶ್ರಾವಣದಲ್ಲಿ ಹಬ್ಬಗಳು. ಭಾದ್ರಪದದಲ್ಲಿ ಗಣಪತಿ, ಆಮೇಲೆ ಪಿತೃಪಕ್ಷ. ದಸರೆಗೆ ಒಡೆದು ನೋಡಿದರೆ ಅವಧಿ ದಾಟಿತ್ತು. ತಂಗಿಯ ಮದುವೆ ಬಿಡಿಸುವುದು ಒಳ್ಳೆಯ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇನೋ. ಎಲ್ಲ ಹೊಸದಾಗಿ ಮಾಡಿದೆವು. ಈ ಸಲ ಲಕೋಟೆಯನ್ನು ನೇರ ವಕೀಲರಿಗೇ ಕಳಿಸಿದೆ. ನಿಮಗೂ ಇದೇ ನನ್ನ ಸಲಹೆ: ಅಧಿಕಾರ ಯಾರಿಗಾದರೂ ಕೊಡಿ, ಕಾಗದ ಮಾತ್ರ ಪಂಚಾಂಗ ನೋಡದವರ ಕೈಗೆ ಕೊಡಿ.

ಆ ವರ್ಷ ವಿಮೆಗೆ ಹೆಸರು ಸೇರಿಸುವ ಅವಧಿ ಮುಗಿದುಹೋಯಿತು. ನಾನು ಕೋಲು ಹಿಡಿದು ಅಂಗಡಿಗೆ ಹೋಗತೊಡಗಿದೆ.

ಮುಂದಿನ ತೊಡಕು ಸಾಕ್ಷಿಗಳದು. ಸೋಡಚೀಟಿ ಮಾಡಿಸಿದ ಹಿರಿಯರು ಕೋರ್ಟಿಗೆ ಬರಲು ಒಪ್ಪಲಿಲ್ಲ. ಅವತ್ತು ಮುಂದೆ ಕೂತು ಮಾತು ಮುಗಿಸಿದ ಮುದುಕರೊಬ್ಬರೇ, ನಮ್ಮ ಮನೆತನಗಳಲ್ಲಿ ಅಂಥ ರೂಢಿಯೇ ಇಲ್ಲ ಎಂದುಬಿಟ್ಟರು. ಮಾಡುವಾಗ ಇಲ್ಲದ ಮರ್ಯಾದೆಯ ಚಿಂತೆ ಹೇಳುವಾಗ ಬಂದಿತ್ತು. ಆ ಮುದುಕರ ಮನೆಯ ವಿಚಾರವನ್ನೆಲ್ಲ ಪಂಪ್‌ಸೆಟ್ಟಿನವನಿಂದ ಕೇಳಿ ತಿಳಿದುಕೊಂಡೆ. ಅವರ ಹಿರಿಯ ಸೊಸೆ ಮೊದಲೊಂದು ಮದುವೆಯಾಗಿ, ಸೋಡಚೀಟಿ ಆದ ಮೇಲೆ ಇವರ ಮನೆಗೆ ಬಂದವಳಂತೆ. ಹೋಗಿ ಒಂದೇ ಮಾತು ಕೇಳಿ ಎಂದು ಹೇಳಿಕೊಟ್ಟೆ. ಅವನು ಹೋಗಿ, ವಿನಯವಾಗಿಯೇ ಕೇಳಿದನಂತೆ.

"ಅಜ್ಜಾರ, ರೂಢಿ ಇಲ್ಲಂದ್ರ ಒಳಗ ಚಾ ಮಾಡಾಕತ್ತಾಕಿ ಯಾರ್ರಿ?"

ಮುದುಕರು ಚಹಾ ಕುಡಿದು ಲೋಟ ಕೆಳಗಿಟ್ಟು, ಯಾವತ್ತು ಬರಬೇಕು ಎಂದು ಕೇಳಿದರಂತೆ.

ಇವಳೂ ಹೋಗಿ ಸಾಕ್ಷಿ ಹೇಳಬೇಕಾಯಿತು. ರಜೆ ಹಾಕಿ ಹೋದಳು. ಅಣ್ಣನಿಗೆ ಅನುಮಾನ, ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆಂದು. ಕಾಗದ ಸರಿ ಇರಬೇಕಲ್ಲ ಎಂದಳಂತೆ. ಅದೂ ಸುಳ್ಳಲ್ಲ. ಅವಳ ರೀತಿಯೇ ಅದು. ಕೇಳಿದಷ್ಟಕ್ಕೆ ನಿಜ, ಉಳಿದದ್ದು ಒಳಗೆ. ಅವಳು ಗದಗಿನಲ್ಲಿದ್ದ ವಾರಗಳಲ್ಲಿ ನಾನು ನೆವಾರ್ಕಿನ ಅಂಗಡಿಯಲ್ಲಿ ಕೂತು ಬೇರೆಯವರಿಗೆ ಸಾಲು ಸಾಲು ಓದಿ ಹೇಳುತ್ತಿದ್ದೆ. ಗಿರಾಕಿ ತಲೆಯಾಡಿಸಿದಾಗೆಲ್ಲ, ಈ ತಲೆಯಾಡಿಸುವುದರ ಬೆಲೆ ಎಷ್ಟು ಎನ್ನಿಸುತ್ತಿತ್ತು. ಹಿಂದೆ ಹಾಗೆ ಅನ್ನಿಸಿರಲಿಲ್ಲ.

ತೀರ್ಪು ಬಂತು. ಮದುವೆ ಸೋಡಚೀಟಿಯ ದಿನವೇ ಮುಗಿದಿತ್ತು ಎಂದು ಕೋರ್ಟು ಘೋಷಿಸಿತು. ಪಂಪ್‌ಸೆಟ್ಟಿನವನು ನನಗೆ ಫೋನ್ ಮಾಡಿ, "ಅಕ್ಕಾರ, ನನ್ನ ಹೆಂಡ್ತಿ ನಿಮಗ ನಮಸ್ಕಾರ ಹೇಳ್ಯಾಳ್ರಿ" ಎಂದ. ಈ ಇಡೀ ವ್ಯವಹಾರದಲ್ಲಿ ನನಗೆ ಬಂದ ಕೃತಜ್ಞತೆ ಅದೊಂದೇ, ನಾನು ನೋಡದ ಹೆಂಗಸಿನಿಂದ.

ಮತ್ತೆ ಮಿಲ್ಪಿಟಾಸಿಗೆ ಹೋದೆವು. ಅದೇ ಮೇಜು, ಅದೇ ನೋಟರಿ. ಮನೆಯಲ್ಲಿ ಉಳಿದಿದ್ದ ದಾಖಲೆ ಸಿಕ್ಕಿತೇ ಎಂದು ನಗುತ್ತ ಕೇಳಿದಳು. ಸಿಕ್ಕಿತು, ಹುಡುಕಲು ಸ್ವಲ್ಪ ತಡವಾಯಿತು ಎಂದೆ. ಈ ಸಲ ಸಾಲುಗಳನ್ನು ನಾನು ಓದಲಿಲ್ಲ, ನೀನೇ ಓದು ಎಂದೆ. ಅವಳು ತನ್ನ ಗದಗಿನ ಕನ್ನಡದಲ್ಲಿ ಓದಿಕೊಂಡು ಹೋದಳು. ಆ ಸಾಲಿಗೆ ಬಂದಾಗ ನಿಲ್ಲಲಿಲ್ಲ. ಅವಳ ಕೊರಳು ಬರಿದಾಗಿತ್ತು. ಸರದ ಜಾಗದಲ್ಲಿ ಚರ್ಮ ಒಂದು ಗೆರೆಯಷ್ಟು ಬೆಳ್ಳಗಿತ್ತು. ನಾನು ಕೇಳದೆಯೇ ತೆಗೆದಿಟ್ಟು ಬಂದಿದ್ದಳು. ಇಬ್ಬರೂ ಸಹಿ ಹಾಕಿದೆವು, ನೋಟರಿ ಮೊಹರು ಒತ್ತಿದಳು.

ಪ್ರಮಾಣಪತ್ರ ಬಂತು, ವಿಮೆಗೆ ಸೇರಿಕೊಂಡೆ, ಮಂಡಿಯ ಕೆಲಸವಾಯಿತು. ಆಸ್ಪತ್ರೆಯಲ್ಲಿ ಎಲ್ಲ ಕಾಗದಗಳಿಗೂ ಅವಳೇ ಸಹಿ ಮಾಡಿದಳು. ನನ್ನನ್ನು ನಡೆಸಿದವಳು, ಸ್ನಾನ ಮಾಡಿಸಿದವಳು ಅವಳು. ಮೆಟ್ಟಿಲು ಹತ್ತಲು ಬಂದ ಮೇಲೆ ನಾನು ಮೇಲಿನ ಕೋಣೆಗೆ ಹೋದೆ.

ದಸರೆಗೆ ಫ್ರೀಮಾಂಟಿನ ಒಂದು ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಕೋಲಿಲ್ಲದೆ ನಾನು ಹೊರಗೆ ಹೋದ ಮೊದಲ ಕಾರ್ಯಕ್ರಮ. ಅವಳು ಇಳಕಲ್ ಸೀರೆ ಉಟ್ಟಿದ್ದಳು, ಕೊರಳಲ್ಲಿ ಕರಿಮಣಿ ಸರ ಇತ್ತು. ಸೀರೆಗೆ ಬರಿ ಕೊರಳು ಚೆನ್ನಾಗಿರುವುದಿಲ್ಲವಲ್ಲ ಎಂದುಕೊಂಡೆ. ಊಟದ ಸಾಲಿನಲ್ಲಿ ನಿಂತಿದ್ದೆವು. ಮಗನ ಮನೆಗೆ ಬಂದಿದ್ದ ಹುಬ್ಬಳ್ಳಿಯ ಅಜ್ಜಿಯೊಬ್ಬರು ಅವಳ ಮಾತಿನ ಧಾಟಿ ಕೇಳಿ ಖುಷಿಯಾಗಿ ಹತ್ತಿರ ಬಂದರು. ಯಾವ ಊರು, ಯಾರ ಪೈಕಿ ಎಂದೆಲ್ಲ ಕೇಳಿ, ಕೊನೆಗೆ ಕೊರಳು ನೋಡಿ ಕೇಳಿದರು.

"ಯಜಮಾನ್ರು ಎಲ್ಲದಾರವಾ?"

ಅವಳು ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಊರಾಗ ಅದಾರ್ರಿ" ಎಂದಳು.

ಇಷ್ಟು ವರ್ಷದಲ್ಲಿ ನನ್ನ ಮುಂದೆ ಅವಳು ತಿಳಿದೂ ತಿಳಿದೂ ಹೇಳಿದ ಮೊದಲ ಸುಳ್ಳು ಅದು. ಅಜ್ಜಿ ನನ್ನ ಕಡೆ ತಿರುಗಿ ನಕ್ಕರು. ನಾನು ನಗಲಿಲ್ಲ.